ಕೋವಿಡ್ ಕಾಲದ ಆನ್‌ಲೈನ್ ಪಾಠ: ಡೆಂಟಲ್ ವಿದ್ಯಾರ್ಥಿಗಳ ಅಭಿಪ್ರಾಯ ಹೇಗೆ ಓದಬೇಕು, ಏನು ಉಳಿಸಿಕೊಳ್ಳಬೇಕು?

ದಂತಕಥೆ (ಪ್ರಶ್ನೆ ಕೇಳಿದವರು; ಮುಂದೆ ಪ್ರತಿ ಭಾಗದ ಮೇಲಿರುವುದು ಅದನ್ನು ಬರೆದವರ ಅಡ್ಡಹೆಸರು)

ಕೋವಿಡ್ ಕಾಲದ ಆನ್‌ಲೈನ್ ಪಾಠದ ಬಗ್ಗೆ ಡೆಂಟಲ್ ವಿದ್ಯಾರ್ಥಿಗಳು ತುಂಬಿಕೊಟ್ಟ ಫಾರಂಗಳನ್ನು ಇಟ್ಟುಕೊಂಡು ಒಂದು ವರದಿ ಸಿದ್ಧವಾಗಬೇಕಿದೆ. ಇನ್ನೊಮ್ಮೆ ಕಾಲೇಜಿನ ಬಾಗಿಲು ಮುಚ್ಚಿದರೆ ಯಾವ ಪಾಠ ಆನ್‌ಲೈನ್‌ನಲ್ಲಿ ನಡೆಯಬಹುದು, ಯಾವುದು ಬಾಗಿಲು ತೆರೆಯುವ ತನಕ ಕಾಯಬೇಕು ಎಂಬ ಪಟ್ಟಿ ಅದರಿಂದ ಹೊರಡಬೇಕು.

ತೊಡಕೆಂದರೆ ಉತ್ತರಗಳು ಒಂದಕ್ಕೊಂದು ಹೊಂದುತ್ತಿಲ್ಲ. "ಥಿಯರಿ ಚೆನ್ನಾಗಿ ಅರ್ಥವಾಯಿತು" ಎಂಬಲ್ಲಿ "ಪೂರ್ತಿ ಒಪ್ಪುತ್ತೇನೆ" ಅಂದವರೇ ಎರಡು ಸಾಲು ಕೆಳಗೆ "ಮುಂದೆಯೂ ಆನ್‌ಲೈನ್ ಬೇಕು" ಎಂಬಲ್ಲಿ "ಒಪ್ಪುವುದಿಲ್ಲ" ಅಂದಿದ್ದಾರೆ. ಮೊದಲ ವರ್ಷದವರು ಒಂದು ಹೇಳಿದರೆ ರೋಗಿಗಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ವರ್ಷದವರು ಇನ್ನೊಂದು. ಕಾಮೆಂಟ್ ಖಾನೆಯಲ್ಲಿ ಮತ್ತೆ ಮತ್ತೆ ಬರುವುದು ಮೂರು ಮಾತು: ಕೈ ಪಳಗಲಿಲ್ಲ, ನೆಟ್ ಕೈಕೊಟ್ಟಿತು, ಪರೀಕ್ಷೆ ನ್ಯಾಯವಾಗಿರಲಿಲ್ಲ.

ಇಂಥ ಉತ್ತರಗಳನ್ನು ಹೇಗೆ ಓದಬೇಕು? ವ್ಯಾಕ್ಸ್ ಕಾರ್ವಿಂಗ್ (ಮೇಣದಲ್ಲಿ ಹಲ್ಲು ಕೆತ್ತುವುದು), ತುಂಬುವುದಕ್ಕಾಗಿ ಹಲ್ಲು ಕೊರೆಯುವ ಕ್ಯಾವಿಟಿ ಪ್ರಿಪರೇಷನ್‌ನಂಥ ಪ್ರೀಕ್ಲಿನಿಕಲ್ (ರೋಗಿಗಳನ್ನು ಮುಟ್ಟುವ ಮೊದಲಿನ) ಕೆಲಸದಲ್ಲಿ ಮನೆಯಲ್ಲಿ ಕೂತು ನಿಜವಾಗಿ ಕಲಿಯಬಹುದಾದ್ದು ಎಷ್ಟು? ಪರೀಕ್ಷೆಯ ದೂರುಗಳಲ್ಲಿ ಹುರುಳಿದೆಯೇ? "ಆನ್‌ಲೈನ್ ಒಳ್ಳೆಯದೋ ಕೆಟ್ಟದ್ದೋ" ಎಂಬ ಚರ್ಚೆ ಬೇಡ, ಅದು ಸಾಕಷ್ಟಾಗಿದೆ.

ಐದಕ್ಕೆ ಮೂರು

ವಿರೋಧ ಇರುವುದು ಉತ್ತರದಲ್ಲಲ್ಲ, ಪ್ರಶ್ನೆಯಲ್ಲೇ ಗಂಟಿದೆ. "ಮುಂದೆಯೂ ಆನ್‌ಲೈನ್ ಬೇಕೇ" ಅಂದಾಗ ಓದುವವರ ಕಣ್ಣಮುಂದೆ ಬರುವುದು ಇಡೀ ಕೋರ್ಸ್. ಲೆಕ್ಚರ್ ಇಷ್ಟವಾದವರೂ ಫ್ಯಾಂಟಮ್ ಹೆಡ್ (ಅಭ್ಯಾಸದ ಬೊಂಬೆ ತಲೆ) ಲ್ಯಾಬ್ ನೆನೆದು ಬೇಡ ಅನ್ನುತ್ತಾರೆ. 2020ರಿಂದೀಚೆಗೆ ಬೇರೆ ಬೇರೆ ದೇಶಗಳಿಂದ ಬಂದ ಸಮೀಕ್ಷೆಗಳಲ್ಲೂ ಇದೇ ಛಾಯೆ ಮತ್ತೆ ಮತ್ತೆ ಕಾಣುತ್ತದೆ: ರೆಕಾರ್ಡಿಂಗ್ ಸಿಕ್ಕಿದ್ದು, ಓಡಾಟ ತಪ್ಪಿದ್ದು ಮೆಚ್ಚುಗೆಯ ಕಡೆ, ಕೈಕೆಲಸ, ರೋಗಿಗಳ ಜೊತೆಗಿನ ಅಭ್ಯಾಸ ತಪ್ಪಿದ್ದು ಆತಂಕದ ಕಡೆ.

ಹಾಗಾಗಿ ವಿಷಯವಾರು ಕೇಳಬೇಡಿ, ಕೆಲಸವಾರು ಕೇಳಿ. "ಕನ್ಸರ್ವೇಟಿವ್ ಆನ್‌ಲೈನ್‌ನಲ್ಲಿ ಹೇಗಿತ್ತು" ಅಂತ ಹಲ್ಲು ತುಂಬುವ ಇಡೀ ವಿಷಯದ ಬಗ್ಗೆ ಕೇಳಿದ ಪ್ರಶ್ನೆಯಿಂದ ಏನೂ ಹುಟ್ಟುವುದಿಲ್ಲ. ಕ್ಲಾಸ್ 2 ಕ್ಯಾವಿಟಿಯ (ಹಿಂದಿನ ಹಲ್ಲಿನ ಪಕ್ಕದ ಮುಖದ ಹುಳುಕಿಗೆ ಕೊರೆಯುವ ಗುಳಿ) ನಿಯಮ ತಿಳಿಯುವುದು, ಡೆಮೊ ನೋಡುವುದು, ಟೈಪೋಡಾಂಟ್ (ಅಭ್ಯಾಸದ ಕೃತಕ ದವಡೆ) ಹಲ್ಲಿನ ಮೇಲೆ ತಾವೇ ಕೊರೆಯುವುದು, ಕೊರೆದದ್ದನ್ನು ತಿದ್ದಿಸಿಕೊಳ್ಳುವುದು. ಈ ನಾಲ್ಕನ್ನು ನಾಲ್ಕು ಸಾಲಾಗಿ ಕೇಳಿದರೆ ನಿಮಗೆ ಬೇಕಾದ ಪಟ್ಟಿ ಅರ್ಧ ಸಿದ್ಧವಾದಂತೆ.

ಒಂದೇ ಸಾಲಿನಲ್ಲಿ ಎರಡು ಪ್ರಶ್ನೆ ತುರುಕಿದ್ದರೆ ಆ ಸಾಲನ್ನು ವರದಿಯಿಂದಲೇ ಬಿಡಿ. "ಆನ್‌ಲೈನ್ ತರಗತಿ ಅನುಕೂಲಕರವೂ ಪರಿಣಾಮಕಾರಿಯೂ ಆಗಿತ್ತು" ಅಂತ ಕೇಳಿದರೆ, ಅನುಕೂಲ ಹೌದು ಆದರೆ ಪರಿಣಾಮ ಇಲ್ಲ ಅನ್ನುವವರು 1ರಿಂದ 5ರ ಅಳತೆಯಲ್ಲಿ ನಡುವಿನ 3ಕ್ಕೆ ಗುರುತು ಹಾಕಿ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. "ಅನ್ವಯಿಸುವುದಿಲ್ಲ" ಎಂಬ ಖಾನೆ ಬೇರೆ ಇಲ್ಲದಿದ್ದರೆ, ಆ ಪಾಠವೇ ನಡೆಯದವರೂ ಅದೇ 3ಕ್ಕೆ ಬಂದು ಬೀಳುತ್ತಾರೆ. ಇನ್ನು ಸರಾಸರಿ: ಅರ್ಧ ಜನ 1, ಅರ್ಧ ಜನ 5 ಹಾಕಿದರೂ ಸರಾಸರಿ 3, ಎಲ್ಲರೂ 3 ಹಾಕಿದರೂ 3. ಪ್ರತಿ ಅಂಕಕ್ಕೆ ಎಷ್ಟು ಮಂದಿ ಎಂದು ಪೂರ್ತಿ ಹಂಚಿಕೆ ತೋರಿಸಿ, ವರ್ಷವಾರು ಬೇರೆ ಬೇರೆ.

ದೊಡ್ಡ ಕೊರತೆ ಕಣ್ಣಿಗೆ ಬೀಳದ ಕಡೆ ಇರುತ್ತದೆ. ನೆಟ್ ಇಲ್ಲದೆ ಪಾಠ ತಪ್ಪಿಸಿಕೊಂಡವರಿಗೆ ಫಾರಂ ಕೂಡ ಅದೇ ನೆಟ್‌ನಲ್ಲಿ ಹೋಗಿದೆ. ಅವರು ತುಂಬಿರುವುದಿಲ್ಲ. ಒಟ್ಟು ಎಷ್ಟು ಮಂದಿಗೆ ಹೋಯಿತು, ಎಷ್ಟು ಮರಳಿ ಬಂತು ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಆಗುವುದಾದರೆ ಕಾಗದದ ಫಾರಂ ಒಂದು ಸುತ್ತು ಕೈಗೇ ಕೊಡಿ. ಹೆಸರು ಕೇಳದಿದ್ದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ ಅನ್ನುವುದೂ ನೆನಪಿರಲಿ. ವರ್ಷ, ಲಿಂಗ, ವಯಸ್ಸು, ಹಾಸ್ಟೆಲ್ಲೋ ಮನೆಯೋ ಎಂದು ನಾಲ್ಕನ್ನೂ ಕೇಳಿದರೆ ಸಣ್ಣ ಬ್ಯಾಚಿನಲ್ಲಿ ಆಸಾಮಿ ಯಾರೆಂದು ತಿಳಿದೇಬಿಡುತ್ತದೆ. ಆಮೇಲೆ ಪರೀಕ್ಷೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ವರ್ಷ ಒಂದು ಸಾಕು.

"ಕ್ರೌನ್ ಪ್ರಿಪರೇಷನ್ ಮಾಡಬಲ್ಲೆ ಎಂಬ ವಿಶ್ವಾಸವಿದೆ" (ಅಂದರೆ ಕ್ಯಾಪ್ ಕೂರಿಸಲು ಹಲ್ಲು ಅರೆಯಬಲ್ಲೆ) ಎಂಬ ಸಾಲು ಅಳೆಯುವುದು ವಿಶ್ವಾಸವನ್ನು, ಕೈಯನ್ನಲ್ಲ. ವಿಡಿಯೋ ನೋಡಿ ನೋಡಿ ಕೆಲಸ ಗೊತ್ತು ಅನ್ನುವ ಭಾವನೆ ಬೆಳೆಯುತ್ತದೆ. ಕಾಲೇಜು ತೆರೆದ ಮೇಲೆ ಆ ಬ್ಯಾಚು ಮಾಡಿದ ಮೊದಲ ಪ್ರಿಪರೇಷನ್‌ಗಳ ಅಂಕ ಇದ್ದರೆ ಈ ಸಾಲಿನ ಪಕ್ಕದಲ್ಲಿಟ್ಟು ನೋಡಿ.

ಬಾಚಿಹಲ್ಲು

ಪ್ರೀಕ್ಲಿನಿಕಲ್ ಭಾಗಕ್ಕೆ ಉತ್ತರ ಕೊಡುತ್ತೇನೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕಣ್ಣಿಗೆ ಕಾಣುವ ತಪ್ಪನ್ನು ಕ್ಯಾಮೆರಾ ಮೂಲಕ ತಿದ್ದಬಹುದು, ಕೈಗೆ ಮಾತ್ರ ತಿಳಿಯುವ ತಪ್ಪನ್ನು ತಿದ್ದಲಾಗುವುದಿಲ್ಲ. ಗೆರೆ ಎಳೆಯಬೇಕಾದ್ದು ಇಲ್ಲಿ.

ವ್ಯಾಕ್ಸ್ ಕಾರ್ವಿಂಗ್ ಮನೆಯಲ್ಲಿ ನಡೆಯುತ್ತದೆ. ಕಾರ್ವಿಂಗ್ ಮೇಣದ ಬ್ಲಾಕು, ಲೆಕ್ರಾನ್ ಕಾರ್ವರ್, ವರ್ನಿಯರ್ ಕ್ಯಾಲಿಪರ್ ಅಥವಾ ಡಿವೈಡರ್, ಸ್ಕೇಲು, ಚೂಪಾದ ಪೆನ್ಸಿಲ್ ಇದ್ದರೆ ಸಾಕು. ಬ್ಲಾಕಿನಿಂದ ಕೆತ್ತುವ ಕೆಲಸಕ್ಕೆ ಬೆಂಕಿ ಬೇಡ, ಹಾಗಾಗಿ ಮನೆಗೆ ಸ್ಪಿರಿಟ್ ಲ್ಯಾಂಪ್ ಕಳಿಸುವ ಪ್ರಶ್ನೆಯೇ ಇಲ್ಲ. ಮೇಣ ಬಿಸುಪಿಗೆ ಮೆತ್ತಗಾದರೆ ಕಾರ್ವರ್‌ಗೆ ಮೆತ್ತಿಕೊಳ್ಳುತ್ತದೆ, ತೀರ ತಣ್ಣಗಿದ್ದರೆ ಚಕ್ಕೆ ಏಳುತ್ತದೆ. ಮೆತ್ತಗಾದಾಗ ಐದು ನಿಮಿಷ ತಣ್ಣೀರಲ್ಲಿಟ್ಟು ಒರೆಸಿಕೊಂಡು ಮುಂದುವರಿಯಬೇಕು. ಸೋಪಿನ ಬಾರ್ ಬದಲಿಗೆ ಬಳಸಬಹುದು ಅನ್ನುವ ಸಲಹೆ ಆಗ ಓಡಾಡಿತು. ಆಕಾರ ಪರಿಚಯಕ್ಕೆ ಪರವಾಗಿಲ್ಲ. ಒಣಗಿದ ಮೇಲೆ ಅಂಚು ನಿಲ್ಲುವುದಿಲ್ಲ, ಆದ್ದರಿಂದ ಅದಕ್ಕೆ ಅಂಕ ಕೊಡುವುದು ಸರಿಯಲ್ಲ.

ಅಳತೆ ಕೊಡದೆ "ಮೇಲಿನ ಸೆಂಟ್ರಲ್ ಇನ್ಸೈಸರ್ ಕೆತ್ತಿ ಫೋಟೋ ಹಾಕಿ" ಅಂದರೆ ಬರುವುದು ಕಲೆ, ಅನಾಟಮಿ ಅಲ್ಲ. ಮುಂದಿನ ಈ ನಡುಹಲ್ಲಿಗೆ ಪಠ್ಯದ ಅಳತೆಗಳು: ಕ್ರೌನ್ (ಇಲ್ಲಿ ಹಲ್ಲಿನ ತಲೆಭಾಗ) ಉದ್ದ 10.5 ಮಿ.ಮೀ., ಬೇರು 13, ಮೀಸಿಯೋಡಿಸ್ಟಲ್ (ಮುಖದ ನಡುಗೆರೆಯ ಕಡೆಯಿಂದ ಅದರಾಚೆಯ ಕಡೆಗೆ) ಅಗಲ 8.5, ಅದೇ ಸರ್ವಿಕ್ಸ್ (ಹಲ್ಲಿನ ಕತ್ತು) ಬಳಿ 7, ಲೇಬಿಯೋಲಿಂಗ್ವಲ್ (ತುಟಿಯ ಕಡೆಯಿಂದ ನಾಲಿಗೆಯ ಕಡೆಗೆ) 7, ಸರ್ವಿಕ್ಸ್ ಬಳಿ 6. ಸರ್ವೈಕಲ್ ಲೈನಿನ (ಕ್ರೌನ್, ಬೇರು ಸೇರುವ ಗೆರೆ) ಬಾಗು ಮೀಸಿಯಲ್ ಕಡೆ 3.5, ಡಿಸ್ಟಲ್ ಕಡೆ 2.5. ಎರಡುಪಟ್ಟು ದೊಡ್ಡದಾಗಿ ಕೆತ್ತಿಸಿದರೆ ಫೋಟೋದಲ್ಲಿ ತಪ್ಪು ಹಿಡಿಯುವುದು ಸುಲಭ. ಮೊದಲು ಒಂದು ಮುಖದ ಔಟ್‌ಲೈನ್ ಎಳೆದು, ಗೆರೆಯ ಹೊರಗೆ ಅರ್ಧ ಮಿ.ಮೀ. ಬಿಟ್ಟು ಕತ್ತರಿಸಿ, ಆಮೇಲೆ ಪಕ್ಕದ ಮುಖದ್ದು ಎಳೆಯಬೇಕು. ಎರಡನ್ನೂ ಮೊದಲೇ ಎಳೆದಿಟ್ಟರೆ ಒಂದನ್ನು ಕತ್ತರಿಸುವಾಗ ಇನ್ನೊಂದು ಮೇಣದ ಜೊತೆಗೇ ಹೋಗುತ್ತದೆ. ಮೂಲೆ ಗುಂಡಗೆ ಮಾಡುವುದು ಕೊನೆಗೆ. ಹೆಚ್ಚಾಗಿ ಕಾಣುವ ತಪ್ಪುಗಳು: ಡಿಸ್ಟೋಇನ್ಸೈಸಲ್ (ಕಚ್ಚುವ ಅಂಚಿನ ಡಿಸ್ಟಲ್ ಕಡೆಯ) ಮೂಲೆಯನ್ನು ಮೀಸಿಯಲ್‌ನಷ್ಟೇ ಚೂಪಾಗಿ ಬಿಡುವುದು, ಹಿಂಬದಿಯ ಬುಡದ ಉಬ್ಬು, ಸಿಂಗ್ಯುಲಮ್ ಅನ್ನು ನಡುಮಧ್ಯಕ್ಕೆ ಕೂರಿಸುವುದು (ಅದು ಸ್ವಲ್ಪ ಡಿಸ್ಟಲ್ ಕಡೆಗೆ ಇರಬೇಕು), ಸರ್ವೈಕಲ್ ಲೈನ್ ಎರಡೂ ಕಡೆ ಒಂದೇ ಸಮ ಬಾಗಿಸುವುದು. ಈ ಮೂರೂ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ.

ಫೋಟೋಗೆ ನಿಯಮ ಹಾಕದಿದ್ದರೆ ತಿದ್ದುವವರು ತಪ್ಪು ತಪ್ಪಾಗಿ ತಿದ್ದುತ್ತಾರೆ. ಫೋನನ್ನು ತೀರ ಹತ್ತಿರ ಹಿಡಿದರೆ ವೈಡ್ ಲೆನ್ಸ್ ಹಲ್ಲಿನ ನಡುಭಾಗವನ್ನು ಉಬ್ಬಿಸಿ ತೋರಿಸುತ್ತದೆ. 30 ಸೆಂ.ಮೀ. ದೂರ ಇಟ್ಟು 2 ಪಟ್ಟು ಝೂಮ್ ಮಾಡಿ ತೆಗೆಯಲಿ. ಹಿನ್ನೆಲೆಗೆ ಕಪ್ಪು ಅಥವಾ ಕಡುನೀಲಿ ಬಟ್ಟೆ, ಬೆಳಕು ಒಂದು ಪಕ್ಕದಿಂದ. ಲೇಬಿಯಲ್, ಲಿಂಗ್ವಲ್, ಮೀಸಿಯಲ್, ಡಿಸ್ಟಲ್, ಇನ್ಸೈಸಲ್ ಹೀಗೆ ಐದು ನೋಟ, ಪ್ರತಿಯೊಂದರಲ್ಲೂ ಪಕ್ಕದಲ್ಲೇ ಒಂದು ವಿಲಿಯಮ್ಸ್ ಪ್ರೋಬ್ (ಮಿ.ಮೀ. ಗುರುತಿರುವ, ವಸಡು ಅಳೆಯುವ ಕಡ್ಡಿ). ಅದರ ಗುರುತು 1, 2, 3, 5, 7, 8, 9, 10 ಮಿ.ಮೀ.; 4 ಮತ್ತು 6 ಇರುವುದಿಲ್ಲ, ಹಾಗಾಗಿ ಗುರುತು ಓದುವಾಗ ಗೊಂದಲ ಕಡಿಮೆ. ಪ್ರೋಬ್ ಹಲ್ಲಿನ ಮಟ್ಟದಲ್ಲೇ ಇರಬೇಕು. ಹಿಂದೆ ಬಟ್ಟೆಯ ಮೇಲಿಟ್ಟರೆ ಅಳತೆ ಸುಳ್ಳು ಹೇಳುತ್ತದೆ.

ಇಷ್ಟು ಮಾಡಿದರೂ ಫೋಟೋ ತೋರಿಸುವುದು ಕೆತ್ತಿ ಮುಗಿದ ಹಲ್ಲನ್ನು ಮಾತ್ರ. ಹೇಗೆ ಹಿಡಿದರು, ಉಂಗುರದ ಬೆರಳಿಗೆ ಆಸರೆ ಇತ್ತೇ, ಕಾರ್ವರ್ ಅನ್ನು ಹೆಬ್ಬೆರಳಿನ ಕಡೆಗೇ ಎಳೆದರೇ, ಹಾಸಿಗೆಯ ಮೇಲೆ ಕೂತು ಮಾಡಿದರೇ ಎಂಬುದು ಗೊತ್ತಾಗುವುದಿಲ್ಲ. ಕೈ ಪಳಗುವುದು ಅಥವಾ ಕೆಡುವುದು ಆ ಹಂತದಲ್ಲೇ. ಆದ್ದರಿಂದ ಫೋಟೋ ಜೊತೆಗೆ ಕೈ ಮಾತ್ರ ಕಾಣುವ 2 ನಿಮಿಷದ ವಿಡಿಯೋ ಕೇಳಿ: ಹಿಡಿತ, ಫಿಂಗರ್ ರೆಸ್ಟ್, ಕೆತ್ತುವ ದಿಕ್ಕು. "ಕೈ ಪಳಗಲಿಲ್ಲ" ಅಂತ ಬರೆದವರಲ್ಲಿ ಒಂದು ಪಾಲು ಅಭ್ಯಾಸವೇ ಇಲ್ಲದವರಲ್ಲ, ತಿದ್ದುವವರು ಇಲ್ಲದೆ ಅಭ್ಯಾಸ ಮಾಡಿದವರು. ಎರಡೂ ಬೇರೆ ದೂರು, ಬೇರೆ ಮದ್ದು.

ಹೊಲಿಗೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಸ್ಪಂಜು ಅಥವಾ ಸ್ಯೂಚರ್ ಪ್ಯಾಡ್, ನೀಡಲ್ ಹೋಲ್ಡರ್, ಟೂತ್ಡ್ ಫೋರ್ಸೆಪ್ಸ್, 3-0 ಗಾತ್ರದ ರೇಷ್ಮೆ ದಾರ. ಸೂಜಿಯನ್ನು ಮೊನೆಯಿಂದ ಮೂರರಲ್ಲಿ ಎರಡು ಭಾಗ ದೂರದಲ್ಲಿ ಹಿಡಿ, ಅಂಚಿನಿಂದ 2–3 ಮಿ.ಮೀ. ಬಿಟ್ಟು ನೇರ ಕೆಳಕ್ಕೆ ಚುಚ್ಚು, ಮಣಿಕಟ್ಟು ತಿರುಗಿಸಿ ಹೊರತಾ, ಸರ್ಜನ್ಸ್ ನಾಟ್‌ಗೆ ಮೊದಲು ಎರಡು ಸುತ್ತು, ಆಮೇಲೆ ಎದುರು ದಿಕ್ಕಿಗೆ ಒಂದು. ಪ್ರತಿ ಹಂತವೂ ಕಣ್ಣಿಗೆ ಕಾಣುವಂಥದ್ದು. ಸೂಜಿಯನ್ನು ನೀಡಲ್ ಹೋಲ್ಡರ್‌ನ ತುದಿ ಬಿಟ್ಟು ಬುಡದಲ್ಲಿ ಹಿಡಿದರೆ, ಅಥವಾ ಬೆರಳಲ್ಲೇ ಎಳೆದರೆ ಕ್ಯಾಮೆರಾ ಹೇಳಿಬಿಡುತ್ತದೆ. ಬಳಸಿದ ಸೂಜಿ ಕಸದ ಬುಟ್ಟಿಗೆ ಹೋಗಬಾರದು. ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕಾಲೇಜು ತೆರೆದಾಗ ತಂದುಕೊಡಲಿ.

ಆಲ್ಜಿನೇಟ್ (ಹಲ್ಲಿನ ಅಚ್ಚು ತೆಗೆಯುವ ಪುಡಿ) ಕಲಸುವುದು, ಪ್ಲಾಸ್ಟರ್ ಕಲಸುವುದೂ ಆಗುತ್ತದೆ. ಮನೆಯವರ ಬಾಯಲ್ಲಿ ಇಂಪ್ರೆಷನ್ (ಅಚ್ಚು) ತೆಗೆಯುವುದು ಬೇಡವೇ ಬೇಡ. ಮತ್ತೆ, ಉಳಿದ ಪ್ಲಾಸ್ಟರನ್ನು ಸಿಂಕಿಗೆ ಸುರಿದರೆ ಪೈಪಿನೊಳಗೇ ಗಟ್ಟಿಯಾಗುತ್ತದೆ. ಬಟ್ಟಲಲ್ಲೇ ಗಟ್ಟಿಯಾಗಲು ಬಿಟ್ಟು ಕಸಕ್ಕೆ ಹಾಕಬೇಕು ಅಂತ ಮೊದಲೇ ಹೇಳಿ.

ಆಗದಿರುವುದು ಏರೋಟರ್ (ಗಾಳಿಯ ಒತ್ತಡದಿಂದ ತಿರುಗುವ ಹಲ್ಲು ಕೊರೆಯುವ ಯಂತ್ರ) ಕೆಲಸ. ಅದರ ಕೊರೆಯುವ ಮೊನೆ, ಅಂದರೆ ಬರ್, ಖಾಲಿ ತಿರುಗುವಾಗ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು. ಒತ್ತಿದರೆ ಸದ್ದು ಇಳಿಯುತ್ತದೆ, ಆ ಸದ್ದೇ ಕೈಗೆ ಪಾಠ. ವಿಡಿಯೋ ಕಾಲ್‌ನ ನಾಯ್ಸ್ ಕ್ಯಾನ್ಸಲೇಷನ್ ಮೊದಲು ಅಳಿಸಿಹಾಕುವುದೂ ಆ ಸದ್ದನ್ನೇ! 245 ನಂಬರಿನ ಬರ್ ತಲೆ 3 ಮಿ.ಮೀ. ಉದ್ದ, 0.8 ಮಿ.ಮೀ. ವ್ಯಾಸ, ಅದನ್ನು ಅಳತೆಗೋಲಾಗಿಯೂ ಬಳಸಿ ಪಲ್ಪಲ್ ಫ್ಲೋರನ್ನು (ಗುಳಿಯ ತಳವನ್ನು) 1.5 ಮಿ.ಮೀ. ಆಳದಲ್ಲಿ ಸಮವಾಗಿ ಕಾಯ್ದುಕೊಳ್ಳಬೇಕು. ಪಕ್ಕದ ಹಲ್ಲಿಗೆ ಬರ್ ತಾಕದೆ ಪ್ರಾಕ್ಸಿಮಲ್ ಬಾಕ್ಸ್ (ಪಕ್ಕದ ಮುಖದ ಗುಳಿ) ಇಳಿಸುವುದು, ಬಾಯಿ ಕನ್ನಡಿಯಲ್ಲಿ ನೋಡುತ್ತ ಮೇಲ್ದವಡೆಯಲ್ಲಿ ಕೊರೆಯುವುದು, ಇವು ನೋಡಿ ಬರುವ ವಿದ್ಯೆಯಲ್ಲ. ಹ್ಯಾಪ್ಟಿಕ್ ಸಿಮ್ಯುಲೇಟರ್‌ಗಳು ಒತ್ತಡದ ಅನುಭವ ಸ್ವಲ್ಪ ಮಟ್ಟಿಗೆ ಕೊಡುತ್ತವೆ, ಆದರೆ ಅವೂ ಕಾಲೇಜಿನಲ್ಲೇ ಇರುವ ಯಂತ್ರಗಳು. ಮನೆಗೆ ಬರುವುದಿಲ್ಲ.

ಕೋರೆಹಲ್ಲು

ಫಾರಂ ತುಂಬಿದವರ ಕಡೆಯಿಂದ ಕೆಲವು ಮಾತು. "ನೆಟ್ ಕೈಕೊಟ್ಟಿತು" ಎಂಬುದನ್ನು ವರದಿಯಲ್ಲಿ ಒಂದು ಸಾಲಿಗೆ ಇಳಿಸಬೇಡಿ, ಲೆಕ್ಕ ಹಾಕಿ ತೋರಿಸಿ. 1.5 ಎಂಬಿಪಿಎಸ್ ವೇಗದಲ್ಲಿ ಓಡುವ ಲೈವ್ ವಿಡಿಯೋ ಗಂಟೆಗೆ 675 ಎಂಬಿ ತಿನ್ನುತ್ತದೆ. ದಿನಕ್ಕೆ 4 ಗಂಟೆ ಅಂದರೆ 2.7 ಜಿಬಿ. ಅದೇ ಪಾಠ 64 ಕೆಬಿಪಿಎಸ್ ಆಡಿಯೋ ಆಗಿ ಗಂಟೆಗೆ 29 ಎಂಬಿ ಸುತ್ತಮುತ್ತ, ಜೊತೆಗೆ ಸ್ಲೈಡಿನ ಪಿಡಿಎಫ್ ಮೊದಲೇ ಕಳಿಸಿದರೆ ಕಣ್ಣಿಗೆ ಬೇಕಾದ್ದೂ ಸಿಕ್ಕಿತು. ಫಾರ್ಮಕಾಲಜಿ, ಡೆಂಟಲ್ ಮೆಟೀರಿಯಲ್ಸ್ ಥಿಯರಿಗೆ ಮೇಡಂ ಅಥವಾ ಸರ್ ಮುಖ 4 ಗಂಟೆ ಕಾಣಬೇಕೆಂದೇನಿಲ್ಲ. ಉಳಿಸಿದ ಡೇಟಾವನ್ನು ಡೆಮೊ ವಿಡಿಯೋಗೆ ಇಟ್ಟುಕೊಳ್ಳಬಹುದು, ಅಲ್ಲಿ ಸ್ಪಷ್ಟತೆ ನಿಜವಾಗಿ ಬೇಕು.

ಲೈವ್‌ಗಿಂತ ರೆಕಾರ್ಡಿಂಗ್ ಮೆಚ್ಚಿದ್ದಕ್ಕೆ ಸೋಮಾರಿತನ ಕಾರಣವಲ್ಲ. ರಿಮೂವಬಲ್ ಪಾರ್ಷಿಯಲ್ ಡೆಂಚರ್ (ತೆಗೆದು ಹಾಕುವ ಭಾಗಶಃ ಹಲ್ಲಿನ ಸೆಟ್ಟು) ಡಿಸೈನ್‌ನಂಥ ಪಾಠದಲ್ಲಿ ಒಂದು ವಾಕ್ಯ ತಪ್ಪಿದರೆ ಮುಂದಿನ ಹತ್ತು ನಿಮಿಷ ಅರ್ಥವಾಗುವುದಿಲ್ಲ. ಹಿಂದಕ್ಕೆ ಹೋಗಿ ಕೇಳುವ ಅವಕಾಶ ಕ್ಲಾಸಿನಲ್ಲಿ ಇರುವುದಿಲ್ಲ. ಒಂದು ಗಂಟೆಯ ಫೈಲಿಗೆ ಬದಲು ವಿಷಯಕ್ಕೊಂದರಂತೆ 10–12 ನಿಮಿಷದ ತುಂಡುಗಳಿದ್ದರೆ, ಹೆಸರಿನಲ್ಲೇ "ಕ್ಲಾಸ್ಪ್: ಸರ್ಕಮ್ಫರೆನ್ಷಿಯಲ್" ಅಂತ ಇದ್ದರೆ, ಪರೀಕ್ಷೆಯ ಹಿಂದಿನ ವಾರ ಹುಡುಕುವ ಪಾಡು ತಪ್ಪುತ್ತದೆ. ಚಾಟ್‌ನಲ್ಲಿ ಪ್ರಶ್ನೆ ಕೇಳುವುದೂ ಅಷ್ಟೇ: ಕ್ಲಾಸಿನಲ್ಲಿ ಕೈ ಎತ್ತದವರು ಅಲ್ಲಿ ಕೇಳಿದರು. ಇದನ್ನು ಕಾಲೇಜು ತೆರೆದ ಮೇಲೂ ಉಳಿಸಿಕೊಳ್ಳುವುದು ಕಷ್ಟವಲ್ಲ.

ಹಾಜರಿಗಾಗಿ ಕ್ಯಾಮೆರಾ ಆನ್ ಇಡುವ ನಿಯಮಕ್ಕೆ ಬಂದ ಸಿಟ್ಟನ್ನು "ಆನ್‌ಲೈನ್ ಇಷ್ಟವಿಲ್ಲ" ಎಂಬ ಲೆಕ್ಕಕ್ಕೆ ಸೇರಿಸಬೇಡಿ. ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಇರುವಲ್ಲಿ ಅದು ಪಾಠದ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ಪಾಠದ ಮೇಲೆ 5 ಪ್ರಶ್ನೆಯ ಕ್ವಿಜ್ 24 ಗಂಟೆ ತೆರೆದಿಟ್ಟು ಅದನ್ನೇ ಹಾಜರಿ ಎಂದರೆ ಎರಡೂ ಕೆಲಸ ಆಯಿತು.

ಡೆಮೊ ವಿಡಿಯೋಗಳ ಬಗ್ಗೆ ಒಂದು ದೂರು ಸಾಮಾನ್ಯ, ಯಾರೂ ಬಿಡಿಸಿ ಬರೆಯುವುದಿಲ್ಲ: ಎದುರಿನಿಂದ ತೆಗೆದ ವಿಡಿಯೋದಲ್ಲಿ ಎಡ ಬಲ ತಿರುಗುಮುರುಗು. ಫೋನಿನ ಸೆಲ್ಫಿ ಕ್ಯಾಮೆರಾ ಕನ್ನಡಿ ಚಿತ್ರ ಕೊಟ್ಟರಂತೂ 16ನೇ ನಂಬರಿನ ಹಲ್ಲು (ಮೇಲಿನ ಬಲ ದವಡೆಹಲ್ಲು) ಹೋಗಿ 26 (ಮೇಲಿನ ಎಡದ್ದು) ಆಗಿ ಕಾಣುತ್ತದೆ. ಆಪರೇಟರ್ ಭುಜದ ಮೇಲಿಂದ, 12 ಗಂಟೆಯ ಸ್ಥಾನದಿಂದ (ರೋಗಿಯ ತಲೆಯ ಹಿಂದಿನಿಂದ), ಹಿಂದಿನ ಕ್ಯಾಮೆರಾದಲ್ಲಿ ತೆಗೆಯಬೇಕು. ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡದಿದ್ದರೆ ಕೈ ಅಡ್ಡ ಬಂದಾಗಲೆಲ್ಲ ಚಿತ್ರ ಮಂಜಾಗುತ್ತದೆ, ಒದ್ದೆ ಹಲ್ಲು ಬರೀ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಫ್ರೇಮಿನಲ್ಲಿ ಬರ್ ಮಾತ್ರ ಅಲ್ಲ, ಆಸರೆಯ ಬೆರಳೂ ಇರಲಿ.

ದಂತಕಥೆ

ಕೆಲಸವಾರು ವಿಂಗಡಣೆ ಈಗಲೇ ಶುರು ಮಾಡಬಹುದು, ಕಾಮೆಂಟುಗಳನ್ನು ಹಾಗೆ ಬೇರ್ಪಡಿಸಿದರೆ ಸಾಕು. ಇನ್ನೊಂದು ಕೇಳಬೇಕಿತ್ತು. ಕೆಲವು ಫಾರಂಗಳಲ್ಲಿ "ಮೈಕ್ರೋಮೋಟರ್ ಮನೆಗೆ ಕೊಡಬೇಕಿತ್ತು, ಕಿತ್ತ ಹಲ್ಲುಗಳ ಮೇಲೆ ಅಭ್ಯಾಸ ಮಾಡುತ್ತಿದ್ದೆವು" ಅಂತಿದೆ. ಇದನ್ನು ಶಿಫಾರಸಿಗೆ ಸೇರಿಸಬಹುದೇ?

ಬಾಚಿಹಲ್ಲು

ಬೇಡ. ಮೈಕ್ರೋಮೋಟರ್ (ವಿದ್ಯುತ್ತಿನಿಂದ ತಿರುಗುವ ಕೊರೆಯುವ ಯಂತ್ರ) ಸಿಕ್ಕೀತು, ನೀರು, ಸಕ್ಷನ್, ಬೆಳಕು, ಕೂರುವ ಎತ್ತರ ಸಿಗುವುದಿಲ್ಲ. ನೀರಿಲ್ಲದೆ ಕೊರೆದರೆ ಪ್ಲಾಸ್ಟಿಕ್ ಹಲ್ಲು ಕರಗಿ ಬರ್‌ಗೆ ಅಂಟುತ್ತದೆ, ನಿಜ ಹಲ್ಲಾದರೆ ಸುಟ್ಟ ವಾಸನೆಯ ಪುಡಿ ಮೂಗಿಗೆ ಹೋಗುತ್ತದೆ. ಮೈಕ್ರೋಮೋಟರ್‌ಗೆ ಬಲ ಜಾಸ್ತಿ, ಒತ್ತಿದರೂ ನಿಲ್ಲುವುದಿಲ್ಲ. ಅದರ ಮೇಲೆ ಪಳಗಿದ ಕೈ ಏರೋಟರ್ ಹಿಡಿದಾಗ ಒತ್ತುವ ಚಾಳಿ ಬಿಡಿಸುವುದೇ ಕೆಲಸವಾಗುತ್ತದೆ.

ಕಿತ್ತ ಹಲ್ಲು ಸೋಂಕಿನ ವಸ್ತು ಅನ್ನುವುದನ್ನು ಮರೆಯಬಾರದು. ಅಭ್ಯಾಸಕ್ಕೆ ಕೊಡುವ ಮೊದಲು ಅಂಟಿದ ಮಾಂಸ, ರಕ್ತ ತೆಗೆದು, ಒಣಗದಂತೆ ದ್ರವದಲ್ಲಿಟ್ಟು, ಆಮೇಲೆ 40 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಆಗಬೇಕು. ಅಮಾಲ್ಗಮ್ (ಪಾದರಸ ಬೆರೆತ ಲೋಹದ ಫಿಲ್ಲಿಂಗ್) ಇರುವ ಹಲ್ಲನ್ನು ಆಟೋಕ್ಲೇವ್‌ಗೆ ಹಾಕಬಾರದು, ಪಾದರಸದ ಆವಿ ಏಳುತ್ತದೆ. ಅಂಥವಕ್ಕೆ 10% ಫಾರ್ಮಲಿನ್‌ನಲ್ಲಿ 2 ವಾರ. ಇದು ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ.

ಅದರ ಬದಲು ಕಣ್ಣು ಪಳಗಿಸುವ ಅಭ್ಯಾಸ ಸೇರಿಸಿ, ಅದು ಪೂರ್ತಿ ಆನ್‌ಲೈನ್‌ನಲ್ಲೇ ಆಗುತ್ತದೆ. ಹಳೆಯ ಬ್ಯಾಚುಗಳ ಹತ್ತು ಕ್ರೌನ್ ಪ್ರಿಪರೇಷನ್‌ಗಳ ಫೋಟೋ ಕೊಡಿ, ಒಳ್ಳೆಯವೂ ಕೆಟ್ಟವೂ ಬೆರೆತಿರಲಿ. ಫುಲ್ ಮೆಟಲ್ ಕ್ರೌನ್‌ಗೆ ಫಂಕ್ಷನಲ್ ಕಸ್ಪ್ (ಕಚ್ಚುವ ಭಾರ ಹೊರುವ ಮೊನೆ) ಮೇಲೆ 1.5 ಮಿ.ಮೀ., ನಾನ್ ಫಂಕ್ಷನಲ್ ಮೇಲೆ 1, ಶ್ಯಾಂಫರ್ (ಅಂಚಿನ ಇಳಿಜಾರು) 0.5 ಎಂಬ ಅಳತೆ ನೋಡಲು, ಸೀಳಿದ ಪುಟ್ಟಿ ಇಂಡೆಕ್ಸ್ (ಅರೆಯುವ ಮೊದಲಿನ ಹಲ್ಲಿನ ಅಚ್ಚು) ಇಟ್ಟು ತೆಗೆದ ಚಿತ್ರವೂ ಇರಲಿ. ವಿದ್ಯಾರ್ಥಿಗಳೇ ಅಂಕ ಕೊಡಲಿ, ಆಮೇಲೆ ಅಧ್ಯಾಪಕರ ಅಂಕ ತೋರಿಸಿ, ಎಲ್ಲಿ 2 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂತೋ ಅದನ್ನು ಮಾತ್ರ ಲೈವ್‌ನಲ್ಲಿ ಚರ್ಚಿಸಿ. ಅಂಡರ್‌ಕಟ್ (ಕ್ರೌನ್ ಕೂರದಂತೆ ಒಳಕ್ಕೆ ಸರಿದ ಭಾಗ) ಹುಡುಕುವುದಕ್ಕೆ ಒಂದು ಕಣ್ಣು ಮುಚ್ಚಿ 30 ಸೆಂ.ಮೀ. ದೂರದಿಂದ ನೋಡಿ ಅಂತ ಕಲಿಸುತ್ತೇವಲ್ಲ, ಕ್ಯಾಮೆರಾಗೆ ಇರುವುದೇ ಒಂದು ಕಣ್ಣು. ಲೆನ್ಸು ಪಾತ್ ಆಫ್ ಇನ್ಸರ್ಷನ್ (ಕ್ರೌನ್ ಇಳಿದು ಕೂರುವ ದಾರಿ) ನೇರಕ್ಕಿದ್ದರೆ ಫಿನಿಷ್ ಲೈನ್ (ಅರೆದ ಭಾಗ ಮುಗಿಯುವ ಗೆರೆ) ಸುತ್ತಲೂ ಕಾಣಬೇಕು; ಎಲ್ಲಿ ಮರೆಯಾಯಿತೋ ಅಲ್ಲಿ ಅಂಡರ್‌ಕಟ್. ಈ ಒಂದು ವಿಷಯದಲ್ಲಿ ಫೋಟೋ ಲ್ಯಾಬಿಗಿಂತ ವಾಸಿ.

ಕಪ್ಪು ಬಿಳುಪು

ರೇಡಿಯಾಲಜಿ, ಓರಲ್ ಪೆಥಾಲಜಿ, ಆಮೇಲೆ ಪರೀಕ್ಷೆ.

ಎಕ್ಸ್‌ರೇ ಓದುವುದು ಆನ್‌ಲೈನ್‌ಗೆ ಹೇಳಿ ಮಾಡಿಸಿದ್ದು, ತೆಗೆಯುವುದು ಅಲ್ಲ. ಹಾಗಾಗಿ ಒಂದೇ ವಿಭಾಗದ ಬಗ್ಗೆ ಎರಡು ಉತ್ತರ ಬಂದಿದ್ದರೆ ಆಶ್ಚರ್ಯಪಡಬೇಡಿ. ಓದುವುದರಲ್ಲೂ ಕೆಡುವುದು ಒಂದು ಕಡೆ: ಚಿತ್ರ ಕಳಿಸುವ ದಾರಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಬೈಟ್‌ವಿಂಗ್ (ಹಲ್ಲು ಕಚ್ಚಿ ತೆಗೆಯುವ) ಎಕ್ಸ್‌ರೇಯಲ್ಲಿ ಹಲ್ಲಿನ ಹೊರಪದರ ಇನಾಮಲ್‌ವರೆಗೆ ಮಾತ್ರ ಇರುವ ಹುಳುಕು ಮಾಯವಾಗುತ್ತದೆ. ಮೊದಲೇ ಖನಿಜಾಂಶ ಶೇ. 30–40ರಷ್ಟು ಕಳೆಯುವ ತನಕ ಎಕ್ಸ್‌ರೇಯಲ್ಲಿ ಕಾಣದ ಗುರುತು ಅದು. ಡಾಕ್ಯುಮೆಂಟ್ ಆಗಿ ಕಳಿಸಿ. ಫೋನಿನ ನೈಟ್ ಮೋಡ್ ಮತ್ತು ಆಟೋ ಬ್ರೈಟ್‌ನೆಸ್ ಆಫ್ ಮಾಡಲು ಹೇಳಿ. "ನಮಗೆ ಕಾಣಲೇ ಇಲ್ಲ" ಎಂಬ ದೂರಿನಲ್ಲಿ ಹುರುಳಿದೆ.

ಪೆಥಾಲಜಿಯಲ್ಲಿ ಡಿಜಿಟಲ್ ಸ್ಲೈಡ್ ಇದ್ದ ಕಡೆ ಎಲ್ಲರೂ ಒಂದೇ ಫೀಲ್ಡ್ ನೋಡುತ್ತಾರೆ. ಮೈಕ್ರೋಸ್ಕೋಪ್ ಮುಂದೆ ಸಾಲು ನಿಂತು "ಕೆರಟಿನ್ ಪರ್ಲ್ ಎಲ್ಲಿ" ಅಂತ ಹುಡುಕುವ ಪ್ರಮೇಯವಿಲ್ಲ. ಕಲಿಯದೆ ಉಳಿಯುವುದು ಫೋಕಸ್ ಮಾಡುವುದು, ಕಡಿಮೆ ಪವರಿನಿಂದ ಹೆಚ್ಚಿನದಕ್ಕೆ ಹೋಗುವುದು. ಎರಡು ತಾಸು ಕೊಟ್ಟರೆ ಆಮೇಲೆ ಸರಿಹೋಗುವಂಥದ್ದು.

ಪರೀಕ್ಷೆಯ ದೂರುಗಳನ್ನು ಬಿಡಿಸಿ ನೋಡಿದರೆ ಮುಖ್ಯವಾಗಿ ಮೂರು ಸಿಗುತ್ತವೆ. ಮೊದಲನೆಯದು, ಹಿಂದಿನ ಪ್ರಶ್ನೆಗೆ ಮರಳಲಾಗದ ಸೆಟ್ಟಿಂಗ್. ನಕಲು ತಡೆಯಲು ಹಾಕಿದ್ದು, ಆದರೆ ಯೋಚಿಸಿ ಬರೆಯುವವರಿಗೆ ಹೊಡೆತ ಬಿದ್ದಿದ್ದು. 10 ಪ್ರಶ್ನೆಗಳ ಬ್ಲಾಕ್ ಮಾಡಿ, ಬ್ಲಾಕಿನೊಳಗೆ ಮರಳಲು ಬಿಟ್ಟು, ಬ್ಲಾಕ್ ಮುಗಿದ ಮೇಲೆ ಮುಚ್ಚಿದರೆ ಎರಡೂ ಕಡೆಗೆ ಒಪ್ಪಿಗೆ. ಎರಡನೆಯದು, ಸಮಯ. ಕೇಸ್ ಕೊಟ್ಟು ಕೇಳುವ ಪ್ರಶ್ನೆಗೆ 75 ಸೆಕೆಂಡ್ ಇಟ್ಟರೆ 60 ಪ್ರಶ್ನೆಗೆ 75 ನಿಮಿಷ. ಅದರ ಮೇಲೆ ನೆಟ್ ಹೋಗಿ ಬರುವುದಕ್ಕೆ 10 ನಿಮಿಷ ಎಲ್ಲರಿಗೂ ಕೊಡಿ. ಕೇಳಿದವರಿಗೆ ಮಾತ್ರ ಕೊಟ್ಟರೆ ಮತ್ತೊಂದು ದೂರು. ಮೂರನೆಯದು, ಕ್ಯಾಮೆರಾದಲ್ಲಿ ಕಾವಲು ಕಾಯುವ ಪ್ರಾಕ್ಟರಿಂಗ್ ಸಾಫ್ಟ್‌ವೇರ್. ಅದು ಕಣ್ಣು ಅತ್ತಿತ್ತ ಹೋದದ್ದನ್ನು ಎಣಿಸಬಲ್ಲದು, ಕಾರಣ ಹೇಳಲಾರದು. ಅದರ ಫ್ಲ್ಯಾಗ್ ಆಧರಿಸಿ ಮನುಷ್ಯರು ವಿಡಿಯೋ ನೋಡದೆ ಯಾರನ್ನೂ ಅನರ್ಹ ಮಾಡಬಾರದು. ವ್ಯಾಖ್ಯೆ ಕೇಳುವ ಪ್ರಶ್ನೆ ಬಿಟ್ಟು ಎಕ್ಸ್‌ರೇ ಕೊಟ್ಟು ಮುಂದಿನ ಹೆಜ್ಜೆ ಕೇಳಿದರೆ ಪುಸ್ತಕ ಪಕ್ಕದಲ್ಲಿದ್ದರೂ ದೊಡ್ಡ ಲಾಭವಿಲ್ಲ, ಕಾವಲಿನ ಅಗತ್ಯವೂ ಅಷ್ಟಕ್ಕೆ ಇಳಿಯುತ್ತದೆ.

ಆನ್‌ಲೈನ್ ಓಸ್ಕಿ (ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಕೊಡುವ ಕ್ಲಿನಿಕಲ್ ಪರೀಕ್ಷೆ) ನಡೆಸುವುದಾದರೆ ವಿದ್ಯಾರ್ಥಿಯನ್ನು ಒಂದು ಬ್ರೇಕೌಟ್ ರೂಮಿನಲ್ಲಿ ಕೂರಿಸಿ ಪರೀಕ್ಷಕರನ್ನು ರೂಮಿನಿಂದ ರೂಮಿಗೆ ಸರಿಸಿ. ಪ್ರತಿ ರೂಮು ಬದಲಾವಣೆಯೂ ಮರುಸಂಪರ್ಕ. ದುರ್ಬಲ ನೆಟ್ ಇರುವವರು ಅಲ್ಲೇ ಬಿದ್ದುಹೋಗುತ್ತಾರೆ. ಕೇಸ್ ಹಿಸ್ಟರಿ, ಟ್ರೀಟ್‌ಮೆಂಟ್ ಪ್ಲಾನ್ ವಿವರಿಸುವುದು, ಕಿತ್ತ ನಂತರದ ಸೂಚನೆ ಹೇಳುವುದು, ಇಂಥ ಮಾತಿನ ಸ್ಟೇಷನ್‌ಗಳಷ್ಟೇ ಇರಲಿ.

ಐದಕ್ಕೆ ಮೂರು

ಬಾಚಿಹಲ್ಲು ಅವರು ಹೇಳಿದ 2 ನಿಮಿಷದ ವಿಡಿಯೋಗೆ ಅಂಕ ಇಡಬೇಡಿ ಅನ್ನುವುದು ನನ್ನ ಮಾತು. ಅಂಕ ಇಟ್ಟ ಕೂಡಲೇ ಚೆನ್ನಾಗಿ ಬಂದ 2 ನಿಮಿಷ ಆರಿಸಿ ಕಳಿಸುತ್ತಾರೆ, ತಿದ್ದಬೇಕಾದ್ದು ಕಾಣುವುದೇ ಇಲ್ಲ. ಕಳಿಸಿದರೆ ಹಾಜರಿ, ತಿದ್ದುಪಡಿ ಮಾತ್ರ ಮರಳಿ ಹೋಗಲಿ. ತಿದ್ದುವವರ ಸಮಯವನ್ನೂ ಲೆಕ್ಕ ಹಾಕಿ: 60 ಜನ, ತಲಾ 2 ನಿಮಿಷ ನೋಡಿ 2 ನಿಮಿಷ ಬರೆದರೂ 4 ಗಂಟೆ. ಒಬ್ಬರ ಮೇಲೆ ಹೊರಿಸಿದರೆ ಎರಡನೇ ವಾರಕ್ಕೆ ನಿಂತುಹೋಗುತ್ತದೆ, ಆಗ "ಫೀಡ್‌ಬ್ಯಾಕ್ ಬರಲಿಲ್ಲ" ಎಂಬ ಸಾಲು ಫಾರಂಗೆ ಬರುತ್ತದೆ.

ದಂತಕಥೆ

ಅಂಕ ಇಡದಿರುವುದು ಒಪ್ಪಿಗೆ. ಕೊನೆಯದಾಗಿ ಕ್ಲಿನಿಕಲ್ ವರ್ಷದವರು. ಅವರ ಕಾಮೆಂಟುಗಳಲ್ಲಿ ಕೋಟಾ (ಮುಗಿಸಲೇಬೇಕಾದ ಚಿಕಿತ್ಸೆಗಳ ಸಂಖ್ಯೆ) ಮುಗಿಯಲಿಲ್ಲ ಎಂಬುದೇ ತುಂಬಿದೆ. ಇದಕ್ಕೆ ವರದಿಯಲ್ಲಿ ಏನು ಬರೆಯಬೇಕು?

ಬಾಚಿಹಲ್ಲು

ಕ್ಲಿನಿಕ್ ಮುಚ್ಚಿದ್ದು ಆನ್‌ಲೈನ್ ಪಾಠದ ದೋಷವಲ್ಲ, ಮೊದಲು ಅದನ್ನು ಬೇರ್ಪಡಿಸಿ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಆ ವರ್ಷದ ಆಗಸ್ಟ್‌ನಲ್ಲಿ, ಸೋಂಕು ಸಮುದಾಯದಲ್ಲಿ ಹರಡಿರುವ ಕಡೆ ತುರ್ತಲ್ಲದ ದಂತಚಿಕಿತ್ಸೆ ಮುಂದೂಡುವಂತೆ ಸಲಹೆ ಕೊಟ್ಟಿತು. ಏರೋಸಾಲ್ ಎಬ್ಬಿಸುವ ಏರೋಟರ್, ಅಲ್ಟ್ರಾಸಾನಿಕ್ ಸ್ಕೇಲರ್ ಕೆಲಸ ಅದರಲ್ಲೇ ನಿಂತಿದ್ದು. ಅಂಥ ಅವಧಿಯಲ್ಲಿ ಕ್ಲಿನಿಕ್ ಅರೆಬರೆ ತೆರೆದರೂ ಮಾಡಬಹುದಾದ್ದು ಇದೆ: ಕೈ ಉಪಕರಣದಿಂದ ಹುಳುಕು ತೆಗೆದು ಗ್ಲಾಸ್ ಅಯನೋಮರ್ ತುಂಬುವ ಎ.ಆರ್.ಟಿ., 38% ಸಿಲ್ವರ್ ಡೈಅಮೀನ್ ಫ್ಲೋರೈಡ್ (ಹುಳುಕು ತಡೆಯುವ ದ್ರವ) ಹಚ್ಚುವುದು, ಕೈಯಿಂದ ಸ್ಕೇಲಿಂಗ್. ಈ ಮೂರರ ಥಿಯರಿ, ಕೇಸ್ ಆಯ್ಕೆ ಆನ್‌ಲೈನ್‌ನಲ್ಲಿ ಮುಗಿಸಿಟ್ಟರೆ ತೆರೆದ ದಿನವೇ ಕುರ್ಚಿಗೆ ಹೋಗಬಹುದು.

ಕೋಟಾವನ್ನು ಸಂಖ್ಯೆಯಿಂದಲೇ ತುಂಬಿಸಲು ಹೊರಟರೆ ಕೊನೆಯ ತಿಂಗಳಲ್ಲಿ ರೋಗಿಗಳ ಹಿಂದೆ ಓಟ ಶುರುವಾಗುತ್ತದೆ, ಕೆಲಸ ಕೆಡುತ್ತದೆ. ಸಂಖ್ಯೆ ಇಳಿಸಿ, ಬಾಗಿಲಲ್ಲಿ ಒಂದು ತಡೆ ಇಡಿ: ಫ್ಯಾಂಟಮ್ ಹೆಡ್ ಮೇಲೆ ಒಂದೇ ಬಗೆಯ ಪ್ರಿಪರೇಷನ್ ಸತತ 3 ಬಾರಿ ಪಾಸ್ ಮಟ್ಟಕ್ಕೆ ಬಂದ ಮೇಲೆಯೇ ರೋಗಿ. ಮೂರರಲ್ಲಿ ಒಂದು ಕೆಟ್ಟರೂ ಎಣಿಕೆ ಮೊದಲಿಂದ. ಬೇಗ ಮುಗಿಸಿದವರು ಮೊದಲೇ ಮುಂದೆ ಹೋಗುತ್ತಾರೆ, ಹಾಗಾಗಿ ಲ್ಯಾಬಿನ ಜಾಗವೂ ಬೇಗ ಖಾಲಿಯಾಗುತ್ತದೆ. ಮೊದಲ ವಾರ ಹೊಸ ಪಾಠ ಬೇಡ, ಕೂರುವ ಭಂಗಿ, ಕನ್ನಡಿಯಲ್ಲಿ ನೋಡಿ ಕೊರೆಯುವುದು, ಫಿಂಗರ್ ರೆಸ್ಟ್ ಇಷ್ಟೇ.

ಲ್ಯಾಬ್ ತೆರೆಯುವ ಮುಂಚೆ ಒಂದು ಕೆಲಸ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಡೆಂಟಲ್ ಯೂನಿಟ್‌ನ ಸಣ್ಣ ಕೊಳವೆಗಳಲ್ಲಿ ಲೋಳೆ ಕಟ್ಟಿರುತ್ತದೆ. ತಯಾರಕರು ಹೇಳಿದಂತೆ ಪ್ರಬಲ ಸೋಂಕುನಾಶಕ ಹಾಯಿಸುವ ಷಾಕ್ ಟ್ರೀಟ್‌ಮೆಂಟ್ ಮಾಡಿ, ನೀರಿನ ಮಾದರಿ ಪರೀಕ್ಷೆಗೆ ಕಳಿಸಿ, ಮಿಲಿಲೀಟರಿಗೆ 500 ಸಿ.ಎಫ್.ಯು. (ಬ್ಯಾಕ್ಟೀರಿಯಾ ಎಣಿಕೆಯ ಮಾನ) ಅಥವಾ ಅದಕ್ಕಿಂತ ಕಡಿಮೆ ಅಂತ ಬಂದ ಮೇಲೆ ಹ್ಯಾಂಡ್‌ಪೀಸ್ ಜೋಡಿಸಿ. ಫಲಿತಾಂಶ ಬರಲು ಕೆಲವು ದಿನ ಹಿಡಿಯುತ್ತದೆ, ಆದ್ದರಿಂದ ತೆರೆಯುವ ದಿನಾಂಕ ಪ್ರಕಟಿಸುವ ಮೊದಲೇ ಮಾದರಿ ಹೋಗಿರಬೇಕು.